ಹದಿನೈದು ಷೇರಿನ ಸೊಸೆ

ಪ್ರೀತಿಯ ತಂಗಿ,

ನಿನ್ನ ಹನ್ನೆರಡು ಕಂತಿನ ವೆಬ್ ಸರಣಿ ಓದಿ ಮುಗಿಸಿದೆ, ಅದರೊಂದಿಗಿದ್ದ ಚೀಟಿಯನ್ನೂ. ಬಂಗಲೆ ಬಾಡಿಗೆಗೆ ದುಡ್ಡಿಲ್ಲ, ಕಾರಿಲ್ಲ, ಸಿರಿವಂತರ ಮನೆಯ ಕಥೆ ಹೇಗೆ ತೆಗೆಯಲಿ, ಬಿಟ್ಟುಬಿಡಲೇ ಎಂದು ಕೇಳಿದ್ದೀಯ. ಬಿಡಬೇಡ. ಮೂರನೇ ಕಂತಿನಲ್ಲಿ ಸೊಸೆ ಅತ್ತೆಯ ಮಾತ್ರೆ ಡಬ್ಬಿ ತುಂಬುತ್ತ, ಒಂದೂ ಮಾತಾಡದೆ, ಇಡೀ ಮನೆಯ ಸಿಟ್ಟನ್ನು ತೋರಿಸುತ್ತಾಳಲ್ಲ, ಅದನ್ನು ಬರೆದವಳು ಬಿಡುವ ಮಾತಾಡಬಾರದು.

ಕ್ಯಾಮೆರಾ ಯಾವುದು, ಚಿತ್ರಕಥೆಗೆ ಯಾವ ಸಾಫ್ಟ್‌ವೇರ್ ಎಂದೆಲ್ಲ ನನ್ನನ್ನು ಕೇಳಬೇಡ. ಅದನ್ನು ಹೇಳಿಕೊಡುವವರು ಬೇಕಾದಷ್ಟಿದ್ದಾರೆ. ನನ್ನ ತಕರಾರು ಒಂದೇ: ಈ ಮನೆಯ ಆಸ್ತಿ ಯಾರ ಹೆಸರಿನಲ್ಲಿದೆ?

ಒಂದನೇ ಕಂತಿನಲ್ಲಿ ಅಜ್ಜಿ, ಉಯಿಲು ಬದಲಿಸಿ ಕಾರ್ಖಾನೆಯನ್ನು ಮಗಳಿಗೆ ಬರೆಯುತ್ತೇನೆ ಎನ್ನುತ್ತಾಳೆ. ಎರಡರಲ್ಲಿ ಆ ಕಾರ್ಖಾನೆ ಎಂದೋ ಟ್ರಸ್ಟಿಗೆ ಹೋಗಿದೆ. ನಾಲ್ಕರಲ್ಲಿ ಹಿರಿಯ ಮಗ ಒಬ್ಬನೇ ಹೋಗಿ ಅದನ್ನು ಮಾರಿ ಬರುತ್ತಾನೆ! ಟ್ರಸ್ಟಿಗೆ ಒಪ್ಪಿಸಿದ ಆಸ್ತಿಯನ್ನು ಅಜ್ಜಿ ಉಯಿಲಿನಲ್ಲಿ ಹಂಚಲು ಬರುವುದಿಲ್ಲ, ಮಗ ತನ್ನದೆಂದು ಮಾರಲೂ ಬರುವುದಿಲ್ಲ. ನೋಡುವವರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತದೆ ಅನ್ನಬೇಡ ಕಣಮ್ಮ. ಪಾಲಾದ ಮನೆಯನ್ನು ನೋಡದವರು ಯಾರಿದ್ದಾರೆ?

ಟ್ರಸ್ಟನ್ನು ಕಿತ್ತುಹಾಕು. ಸಂಭಾಷಣೆ ಪಕ್ಕಕ್ಕಿಟ್ಟು ಒಂದು ಹಾಳೆ ತಗೋ. ಕಾರ್ಖಾನೆ ಒಂದು ಕಂಪನಿಯದು, ಅದಕ್ಕೆ ಒಟ್ಟು 100 ಷೇರು ಅಂದುಕೋ. ಅಜ್ಜಿಗೆ 40, ಹಿರಿಯ ಮಗನಿಗೆ 24, ಮಗಳಿಗೆ 21, ತೀರಿಹೋದ ಕಿರಿಯ ಮಗನ ಹೆಂಡತಿಗೆ 15. ಮಾತು ನಡೆಯಬೇಕಾದರೆ 50 ದಾಟಬೇಕು. ಅಜ್ಜಿ ಬದುಕಿರುವಷ್ಟು ದಿನ ಮಕ್ಕಳಿಬ್ಬರು ಸೇರಿದರೂ 45. ಅಜ್ಜಿಯ ಜೊತೆ ಯಾರು ನಿಂತರೂ ಸಾಕು. ಹಾಗಾಗಿ ಎಲ್ಲರೂ ಅವಳನ್ನು ಓಲೈಸುತ್ತಾರೆ, ಸೊಸೆಯನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ.

ಆರನೇ ಕಂತಿನ ಕೊನೆಯಲ್ಲಿ ಅಜ್ಜಿ ಸಾಯಲಿ. ಉಯಿಲಿನ ಪ್ರಕಾರ ಅವಳ 40 ಮಕ್ಕಳಿಗೆ ಸಮನಾಗಿ ಹೋಗಲಿ. ಈಗ ಮಗ 44, ಮಗಳು 41, ಸೊಸೆ ಅದೇ 15. ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ತಾನೆ? ಹಾಗಾದರೆ ಗೆಲ್ಲುವವರು ಸೊಸೆಯ ಬಾಗಿಲಿಗೆ ಬರಲೇಬೇಕು. ಅವಳ ಷೇರು ಒಂದೂ ಹೆಚ್ಚಲಿಲ್ಲ, ಅವಳ ಬೆಲೆ ಮಾತ್ರ ಏರಿತು. ಏಳನೇ ಕಂತಿನಲ್ಲಿ ನೀನು ತುರುಕಿದ ಕಾರು ಅಪಘಾತಕ್ಕೂ ನೆನಪು ಕಳೆದುಕೊಳ್ಳುವುದಕ್ಕೂ ಇನ್ನು ಕೆಲಸವಿಲ್ಲ. ಕಥೆಗಾರನಿಗೆ ಮುಂದಿನ ದಾರಿ ಕಾಣದಾಗ ಪಾತ್ರದ ತಲೆಗೆ ಪೆಟ್ಟು ಬೀಳುತ್ತದೆ. ಈ ಚಾಳಿಯ ಮೇಲಿನ ನನ್ನ ಸಿಟ್ಟು ಹಳೆಯದು, ಇಳಿಯುವುದೂ ಇಲ್ಲ.

ಇನ್ನೊಂದು ತಿರುವು ಬೇಕೇ? ಇಂಗ್ಲೆಂಡಿನ 1837ರ ಉಯಿಲು ಕಾಯ್ದೆಯ ಪ್ರಕಾರ ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕು. ಸಾಕ್ಷಿ ಹಾಕಿದವರಿಗೆ ಅಥವಾ ಅವರ ಗಂಡ ಹೆಂಡತಿಗೆ ಅದರಲ್ಲಿ ಏನಾದರೂ ಬರೆದಿದ್ದರೆ ಆ ಭಾಗ ಬಿದ್ದುಹೋಗುತ್ತದೆ, ಉಳಿದ ಉಯಿಲು ನಿಲ್ಲುತ್ತದೆ. ಅಳಿಯ ಅತಿ ಉತ್ಸಾಹದಿಂದ ಸಾಕ್ಷಿ ಹಾಕಿದ್ದರೆ ಮಗಳ 20 ಹೋಯಿತು. ಇಲ್ಲೇ ಎಡವುತ್ತಾರೆ: ಆ 20 ಮಗನಿಗೆ ಸೇರಿದರೆ ಅವನಿಗೆ 64 ಆಗಿ ಆಟ ಅಲ್ಲಿಗೇ ಮುಗಿಯಿತು, ಉಳಿದ ಕಂತುಗಳಲ್ಲಿ ಅಳುವುದೊಂದೇ ಕೆಲಸ. 'ಉಳಿದದ್ದೆಲ್ಲ ಸೊಸೆಗೆ' ಎಂದು ಅಜ್ಜಿ ಬರೆಸಿರಲಿ. ಆಗ ಮಗ 44, ಸೊಸೆ 35, ಮಗಳು 21. ಅತ್ತಿಗೆಯನ್ನು ಕೆಲಸದವಳಂತೆ ನಡೆಸಿಕೊಂಡ ನಾದಿನಿ ಈಗ ಅವಳನ್ನೇ ಕೇಳಬೇಕು. ಈ ನಿಯಮ ಎಲ್ಲ ದೇಶದಲ್ಲೂ, ಎಲ್ಲರಿಗೂ ಒಂದೇ ಅಲ್ಲ. ಕಥೆ ನಡೆಯುವ ಕಡೆಯ ವಕೀಲರೊಬ್ಬರ ಹತ್ತಿರ ಒಂದು ಗಂಟೆ ಕೂತು ಬಾ.

ಅಮೆರಿಕದ 'ಡಾಲಸ್' ಧಾರಾವಾಹಿ 1980ರ ಮಾರ್ಚಿನಲ್ಲಿ ಮನೆಮಗನ ಮೇಲೆ ಗುಂಡು ಹಾರಿಸಿ, ಹಾರಿಸಿದವರು ಯಾರೆಂದು ನವೆಂಬರ್ 21ರಂದು ಹೇಳಿತು. ಅಷ್ಟು ತಿಂಗಳು ಜನ ಕಾದದ್ದು ಬರೀ ಗುಂಡಿನ ಸದ್ದಿಗಲ್ಲ. ಅವನ ಮೇಲೆ ಹಗೆ ಸಾಧಿಸಲು ಒಬ್ಬೊಬ್ಬರಿಗೂ ಒಂದೊಂದು ಕಾರಣವಿತ್ತು.

ಈಗ ಬಂಗಲೆಯ ವಿಷಯ. ತೂಗುದೀಪ ತೋರಿಸಿದರೆ ಮದುವೆ ಛತ್ರದಂತೆ ಕಾಣುತ್ತದೆ, ಅಷ್ಟೇ. ಅಜ್ಜಿ ಬಾಗಿಲು ತಾನೇ ತೆರೆಯುವುದಿಲ್ಲ, ಬೀಗದ ಕೈ ಹಿಡಿಯುವುದಿಲ್ಲ, ಯಾವುದರ ಬೆಲೆಯನ್ನೂ ಕೇಳುವುದಿಲ್ಲ. ಸಹಿಗೆ ತಂದ ಕಾಗದವನ್ನು ಓದದೆ ಪಕ್ಕಕ್ಕಿಡುತ್ತಾಳೆ, ತಂದವನು ನಿಂತೇ ಇರುತ್ತಾನೆ. ಇದಕ್ಕೆ ಒಂದು ಮೇಜು, ಎರಡು ಕುರ್ಚಿ, ಒಂದು ಉದ್ದದ ಪರದೆ ಸಾಕು. ಹತ್ತು ನಿಮಿಷದ ಕಂತಿಗೆ ಸುಮಾರು ಹತ್ತು ಪುಟ. ಅದರಲ್ಲಿ ಐದಾರು ಸೀನು, ನಾಲ್ಕಾದರೂ ಆ ಕೋಣೆಯಲ್ಲೇ ನಡೆಯಲಿ. ಒಟ್ಟು 120 ಪುಟ, ದಿನಕ್ಕೆ ಎಂಟರಂತೆ ತೆಗೆದರೆ 15 ದಿನ. ಆ ಕೋಣೆಯ ಸೀನುಗಳನ್ನೆಲ್ಲ, ಯಾವ ಕಂತಿನದೇ ಆಗಲಿ, ಒಟ್ಟಿಗೆ ಮುಗಿಸು. ಅದಕ್ಕಾಗಿ ಪ್ರತಿ ಸೀನಿನ ತಲೆಯ ಮೇಲೆ ಕಥೆಯ ಎಷ್ಟನೇ ದಿನ ಎಂದು ಬರೆ, ಇಲ್ಲದಿದ್ದರೆ ಸೊಸೆಯ ಸೀರೆ ಬಾಗಿಲು ದಾಟುವಷ್ಟರಲ್ಲಿ ಬದಲಾಗುತ್ತದೆ. ಅದರ ಪಕ್ಕದಲ್ಲೇ ಆ ಹೊತ್ತಿನ ಷೇರಿನ ಲೆಕ್ಕವನ್ನೂ ಬರೆ: 44–41–15. ಚಿತ್ರೀಕರಣದ ಎರಡನೇ ದಿನವೇ ಹನ್ನೊಂದನೇ ಕಂತಿನ ಸೀನಿಗೆ ನಿಂತ ಮಗಳ ಪಾತ್ರದ ನಟಿಗೆ ಅತ್ತಿಗೆಯೊಂದಿಗೆ ಯಾವ ದನಿಯಲ್ಲಿ ಮಾತಾಡಬೇಕೆಂದು ಅದರಿಂದಲೇ ತಿಳಿಯುತ್ತದೆ.

ಯಾರಾದರೂ ಪ್ರೀತಿಯಿಂದ ದೊಡ್ಡ ಮನೆ ಕೊಟ್ಟರೂ ಮೊದಲು ಒಳಗೆ ಚಪ್ಪಾಳೆ ತಟ್ಟಿ ನೋಡು. ಕಲ್ಲಿನ ನೆಲ, ಬರಿಗೋಡೆ ಇದ್ದರೆ ಮಾತು ಪ್ರತಿಧ್ವನಿಸಿ ಕಲಸಿಹೋಗುತ್ತದೆ. ನೆಲಕ್ಕೆ ಕಂಬಳಿ ಹಾಸಿ, ಫ್ರೇಮಿನ ಹೊರಗೆ ಗೋಡೆಗೂ ತೂಗುಹಾಕು.

ಷೇರಿನ ಹಾಳೆಯನ್ನು ಮೊದಲು ಕಳಿಸು, ತಿದ್ದಿದ ಏಳನೇ ಕಂತು ಆಮೇಲೆ ಬರಲಿ. ಮಾತ್ರೆ ಡಬ್ಬಿಯ ಸೀನನ್ನು ಮುಟ್ಟಬೇಡ.

ನಿನ್ನ,
ಅಣ್ಣ