ಯಾರ ಮನೆ ಕಥೆ ಇದು ಅಂತ ಕೇಳಿದರೆ

ಶಿವಮೊಗ್ಗ
ಭಾನುವಾರ

ಚಿ. ಸೌ. ಪುಟ್ಟಿಗೆ,

ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಕಾಗದ ಬುಧವಾರವೇ ಕೈಸೇರಿತು. ಫೋನ್ ಮಾಡೋಣ ಅಂತ ಎರಡು ಸಲ ಕೈಗೆತ್ತಿಕೊಂಡು ಇಟ್ಟೆ. ನೀನು ನಡುಮನೆಯಲ್ಲಿ ಎಲ್ಲರ ಮಧ್ಯೆ ಕೂತು "ಹೂಂ, ಹೂಂ" ಅನ್ನಬೇಕಾಗುತ್ತೆ. ಬೇಡ ಅನ್ನಿಸಿತು. ಸೈಟಿನ ವಿಷಯ, ನಿಮ್ಮಪ್ಪನ ಕಾಲುನೋವು, ಎಲ್ಲ ಗೊತ್ತಿರೋದೇ. ಅದನ್ನು ಬಿಡು. ಕೊನೆಯ ಪುಟದಲ್ಲಿ, ಮಡಿಕೆಯ ಹತ್ತಿರ, ಇರುವೆ ಕಾಲಿನ ಅಕ್ಷರದಲ್ಲಿ ಒಂದು ಸಾಲು ಬರೆದಿದ್ದೀಯಲ್ಲ. "ಓದಿದವರೆಲ್ಲ ಇದು ನಿಮ್ಮ ಮನೆಯದೇ ಅಲ್ವಾ ಅಂತಾರೆ. ಅತ್ತೆ ಎರಡು ದಿನ ಮಾತಾಡಲಿಲ್ಲ. ಬೇರೆ ಹೆಸರಿಟ್ಟುಕೊಳ್ಳಲಾ ದೊಡ್ಡಮ್ಮ, ಇಲ್ಲ ಬರೆಯೋದೇ ಬಿಡಲಾ?" ಅಂತ. ಅದನ್ನು ಓದಿದಾಗಿನಿಂದ ನನಗೆ ಸಮಾಧಾನ ಇಲ್ಲ.

ನಿನ್ನ ಕಥೆಯನ್ನು ಪುರವಣಿಯಲ್ಲೇ ಎರಡು ಸಲ ಓದಿದ್ದೆ. ಆ ಸೊಸೆ ಎಲ್ಲರಿಗೂ ಬಡಿಸಿ ಮುಗಿಸಿ, ಪಲ್ಯದ ಬಾಣಲೆಗೇ ಎರಡು ಹಿಡಿ ಅನ್ನ ಹಾಕಿ, ತಳಕ್ಕೆ ಅಂಟಿದ ಒಗ್ಗರಣೆ ಒರೆಸಿಕೊಂಡು ನಿಂತೇ ತಿನ್ನುತ್ತಾಳೆ. ಗಂಡ ನೀರು ಕುಡಿಯೋಕೆ ಬಂದವನು "ತಟ್ಟೆ ಇಲ್ವಾ?" ಅಂತಾನೆ. ಅಷ್ಟೇ. ಓದಿ ನಾನು ಪೇಪರ್ ಕೆಳಗಿಟ್ಟೆ. ಇದು ನಾನೇ ಅಂದುಕೊಂಡೆ. ಯಾವಾಗ ನೋಡಿದಳು ಇವಳು ನನ್ನನ್ನು? ಮಾರನೇ ದಿನ ನಿನ್ನ ಚಿಕ್ಕಮ್ಮ ಫೋನ್ ಮಾಡಿ, "ಅಕ್ಕಾ, ಪುಟ್ಟಿ ನನ್ನ ಬಗ್ಗೆ ಬರೆದಿದ್ದಾಳೆ, ನೋಡಿದ್ಯಾ?" ಅಂದಳು. ನನಗೆ ಸಿಟ್ಟೇ ಬಂತು, ನನ್ನ ಬಾಣಲೆಯನ್ನು ಇವಳು ಕಿತ್ತುಕೊಂಡ ಹಾಗೆ.

ನಿಮ್ಮತ್ತೆಗೂ ಹಾಗೇ ಆಗಿರಬಹುದು. ಅವರು ಅದನ್ನು ಸೊಸೆಯ ಕಡೆಯಿಂದ ಓದಿದರೋ ಅತ್ತೆಯ ಕಡೆಯಿಂದ ಓದಿದರೋ ಯಾರಿಗೆ ಗೊತ್ತು? ಅವರೂ ಒಂದು ಕಾಲಕ್ಕೆ ಬಾಣಲೆ ಒರೆಸಿದವರೇ ತಾನೆ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನನಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದು ನಿಮ್ಮತ್ತೆಯೇ. "ನಮ್ಮ ಹಾಸನದವರು ನೋಡಿ" ಅಂತ ಬೇರೆ ಬರೆದಿದ್ದರು. ಆ ಕಥೆಗಳಲ್ಲಿ ಇರೋದೂ ಮನೆಯೊಳಗೆ ಹೆಂಗಸರು ಪಡೋ ಪಾಡೇ. ದೂರದ ಮನೆಯದಾದರೆ ಹೆಮ್ಮೆ ಪಡ್ತೀವಿ, ಪಕ್ಕದ ಕೋಣೆಯದಾದರೆ ಎರಡು ದಿನ ಮಾತು ಬಿಡ್ತೀವಿ.

ಬೇರೆ ಹೆಸರು ಅಂದೆಯಲ್ಲ, ಅದನ್ನೇ ಯೋಚಿಸ್ತಾ ಇದ್ದೆ. ಲೈಬ್ರರಿಯಲ್ಲಿ ನನ್ನ ಮೊದಲ ಕೆಲಸವೇ ಕಾರ್ಡು ಬರೆಯೋದು. ಒಂದು ಕಾರ್ಡಿನಲ್ಲಿ "ಅನಸೂಯಾ ಶಂಕರ್, ನೋಡಿ: ತ್ರಿವೇಣಿ." ಇನ್ನೊಂದರಲ್ಲಿ "ಸುಬ್ಬಮ್ಮ ಬಿ.ಎನ್., ನೋಡಿ: ವಾಣಿ." ಕಾವ್ಯನಾಮ ಗಂಡಸರಿಗೂ ಇತ್ತು, ಇಲ್ಲ ಅನ್ನಲ್ಲ. ಆದರೆ ಅವರ ಹೆಸರಿನ ಹಿಂದೆ ಯಾರ ಮನೆ ಇದೆ ಅಂತ ಬಗ್ಗಿ ನೋಡಿದವರನ್ನು ನಾನು ಕಾಣಲಿಲ್ಲ. ಕೊಡಗಿನ ಗೌರಮ್ಮ ತಮ್ಮ ಕಥೆಗಳಿಗೆ ಹಾಕಿಕೊಂಡಿದ್ದ ಹೆಸರು "ಮಿಸೆಸ್ ಬಿ.ಟಿ.ಜಿ. ಕೃಷ್ಣ." ಸ್ವಂತದ್ದು ಒಂದಕ್ಷರ ಇಲ್ಲ ಅದರಲ್ಲಿ. 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ 27 ವರ್ಷ. ಈಗ ನೋಡು, ಗೌರಮ್ಮ ಅಂದರೆ ಎಲ್ಲರಿಗೂ ಗೊತ್ತು. ಆ ಮಿಸೆಸ್ ಯಾರು ಅಂತ ಬಿಡಿಸಿ ಹೇಳಬೇಕು.

ವೈದೇಹಿಯವರ ಹೆಸರಿನ ಕಥೆ ನಿನಗೆ ಹೇಳಿದ್ದೀನೋ ಇಲ್ವೋ. ಅವರ ಹೆಸರು ಜಾನಕಿ. 'ಸುಧಾ'ಕ್ಕೆ ಕಥೆ ಕಳಿಸಿದ ಮೇಲೆ, ನಿಜವಾಗಿ ನಡೆದದ್ದು ಅದರಲ್ಲಿದೆ, ಹಾಕಬೇಡಿ ಅಂತ ಬರೆದರಂತೆ. ಸಂಪಾದಕರು ಕಥೆ ಬಿಡಲಿಲ್ಲ, ಹೆಸರು ಬದಲಿಸಿ ವೈದೇಹಿ ಅಂತ ಅಚ್ಚು ಹಾಕಿದರು. ನಿನ್ನ ಹೆದರಿಕೆಯೇ ಅಲ್ವಾ ಅದು? ಅಷ್ಟು ದೊಡ್ಡವರಿಗೂ ಮೊದಲ ದಿನ ಇದೇ ಹೆದರಿಕೆ ಇತ್ತು ಅಂದರೆ ನನಗೆ ಏನೋ ಒಂಥರಾ ಧೈರ್ಯ ಬರುತ್ತೆ. ನಿನಗೆ ಬರುತ್ತೋ ಇಲ್ವೋ.

ಲೈಬ್ರರಿ ಅಂದೆ, ಇನ್ನೊಂದು ನೆನಪಾಯಿತು. ಹೆಂಗಸರ ಕಾದಂಬರಿಗಳು ವಾಪಸ್ ಬಂದಾಗ ಅಂಚಿನಲ್ಲಿ ಪೆನ್ಸಿಲ್ ಗೀಚು ಇರುತ್ತಿತ್ತು. "ಪಾಪ, ಸ್ವಂತ ಅನುಭವ." "ಈಯಮ್ಮನ ಗಂಡ ಓದಿದ್ದಾನಾ?" ನಮ್ಮಲ್ಲಿದ್ದ ತ್ರಿವೇಣಿಯವರ 'ಶರಪಂಜರ'ದ ಪ್ರತಿ, ಪುಟ್ಟಣ್ಣ ಕಣಗಾಲ್ ಅದನ್ನು 1971ರಲ್ಲಿ ಸಿನಿಮಾ ಮಾಡಿದ ಮೇಲಂತೂ, ಅಂಚೆಲ್ಲ ಕಪ್ಪಾಗಿತ್ತು. ಪಕ್ಕದ ಕಪಾಟಿನ ಗಂಡಸರ ಪುಸ್ತಕದಲ್ಲಿ ಕುಡುಕ ಬಂದರೂ ಕೊಲೆಗಾರ ಬಂದರೂ "ಸ್ವಂತ ಅನುಭವ" ಅಂತ ಯಾರೂ ಬರೆಯಲಿಲ್ಲ. ಅಲ್ಲಿ ಇರುತ್ತಿದ್ದದ್ದು "ಎಂಥ ಕಲ್ಪನೆ!" ಮಧ್ಯಾಹ್ನ ಜನ ಕಡಿಮೆ ಇರುವಾಗ ನಾನು ರಬ್ಬರ್ ತಗೊಂಡು ಅಳಿಸುತ್ತಾ ಕೂರುತ್ತಿದ್ದೆ. ಪುಣ್ಯದ ಕೆಲಸ ಅಂತಲ್ಲ. ಓದುವಾಗ ನನಗೂ ಹಾಗೇ ಅನ್ನಿಸಿರುತ್ತಿತ್ತು, ಅದಕ್ಕೆ ನಾಚಿಕೆ.

ಆ 'ಶರಪಂಜರ'ದಲ್ಲಿ ಆಸ್ಪತ್ರೆಯಿಂದ ಹುಷಾರಾಗಿ ಬಂದ ಕಾವೇರಿ ಜೋರಾಗಿ ನಕ್ಕರೂ ಹುಚ್ಚು, ಸುಮ್ನೆ ಕೂತರೂ ಹುಚ್ಚು. ಬರೆಯೋ ಹೆಂಗಸಿನ ಪಾಡೂ ಸ್ವಲ್ಪ ಹಾಗೇ. ಒಂದು ಕಥೆ ಅಚ್ಚಾದ ಮೇಲೆ ನೀನು ಸಾರಿಗೆ ಉಪ್ಪು ಜಾಸ್ತಿ ಹಾಕಿದರೂ ಅದಕ್ಕೊಂದು ಅರ್ಥ ಹುಡುಕ್ತಾರೆ.

ನಾನೂ ಬರೀತಿದ್ದೆ ಅಂತ ನಿನಗೆ ಗೊತ್ತು, ಯಾಕೆ ಬಿಟ್ಟೆ ಅಂತ ಯಾರೂ ಕೇಳಲಿಲ್ಲ. ನಿಮ್ಮ ದೊಡ್ಡಪ್ಪ ಬೈದವರಲ್ಲ. ಒಂದು ರಾತ್ರಿ ನೋಟ್‌ಬುಕ್ ಓದಿ, ಮೆತ್ತಗೆ, "ಇದರಲ್ಲಿ ಬರೋ ಗಂಡಸು ನಾನಾ?" ಅಂದರು. ಅಲ್ಲಪ್ಪಾ, ಸುಮ್ನೆ ಕಲ್ಪನೆ ಅಂದೆ. "ಮತ್ತೆ ಯಾರು?" ಅಂದರು. ಅದಕ್ಕೆ ಏನು ಹೇಳಬೇಕು ಹೇಳು. ಹೌದು ಅಂದರೆ ಗಂಡನ ಮಾನ ತೆಗೆದ ಹಾಗೆ. ಅಲ್ಲ ಅಂದರೆ ಇನ್ಯಾವನೋ ಇದ್ದಾನೆ ಅಂದ ಹಾಗೆ. ಮಾರನೇ ದಿನ ಅದೇ ಪುಸ್ತಕವನ್ನು ತಿರುಗಿಸಿ ಹಿಂದಿನಿಂದ ಹಾಲಿನ ಲೆಕ್ಕ ಬರೆಯೋಕೆ ಶುರು ಮಾಡಿದೆ. ನಾಲ್ಕು ವರ್ಷದಲ್ಲಿ ಹಾಲಿನ ಲೆಕ್ಕ ಕಥೆಯವರೆಗೂ ಬಂತು. ಕೊನೆ ಪುಟದಲ್ಲಿ ಅರ್ಧ ವಾಕ್ಯ, ಅದರ ಕೆಳಗೆ "ಮಂಗಳವಾರ ಅರ್ಧ ಲೀಟರ್ ಜಾಸ್ತಿ." 1979ರಲ್ಲಿ ಬೆಂಗಳೂರಿನಲ್ಲಿ ಲೇಖಕಿಯರ ಸಂಘ ಶುರುವಾದ ಸುದ್ದಿ ಪೇಪರಲ್ಲಿ ಓದಿದಾಗ ನಾನಾಗಲೇ ಹಾಲಿನ ಲೆಕ್ಕದವಳು. ನನಗಲ್ಲ ಅಂತ ಪುಟ ತಿರುಗಿಸಿದೆ.

ಹೋಗಲಿ, ಅದು ನನ್ನ ಪುಸ್ತಕ, ನಾನು ಕೆಡಿಸಿಕೊಂಡೆ. ಹೇಳೋಕೆ ಹೊರಟದ್ದು ಇದಲ್ಲ.

ನೀನು ಹುಟ್ಟಿದ ವರ್ಷ ನಿಮ್ಮಮ್ಮ ನನಗೊಂದು ಇನ್‌ಲ್ಯಾಂಡ್ ಬರೆದಿದ್ದಳು. ಮೂರು ಪುಟದಲ್ಲೂ ಜಾಗವಿಲ್ಲದ ಹಾಗೆ, ಗೋಂದು ಹಚ್ಚೋ ಅಂಚಿನವರೆಗೂ ಬರೆದಿದ್ದಳು. ಒಂದು ಸಾಲು ಇವತ್ತಿಗೂ ಬಾಯಿಪಾಠ. "ಮಗು ಅತ್ತರೆ ಎತ್ತಿಕೊಳ್ಳೋ ಮೊದಲು ಮಾವನವರ ಮುಖ ನೋಡಬೇಕು ಅಕ್ಕಾ, ಅಷ್ಟರಲ್ಲಿ ಅದೇ ಸುಮ್ಮನಾಗಿರುತ್ತೆ." ಆ ಮಗು ನೀನೇ. ನಮ್ಮಿಬ್ಬರಲ್ಲಿ ಬರೆಯೋ ಕೈ ಇದ್ದದ್ದು ಅವಳದು, ನನ್ನದಲ್ಲ. ನಾನೇನು ಮಾಡಿದೆ ಗೊತ್ತಾ? ಕಾರ್ಡಿನಲ್ಲಿ ಎರಡೇ ಸಾಲು ಬರೆದೆ. ಇಂಥದ್ದೆಲ್ಲ ಕಾಗದದಲ್ಲಿ ಬರೀಬೇಡ, ಯಾರ ಕೈಗಾದರೂ ಸಿಕ್ಕರೆ ಮಾನ ಹೋಗುತ್ತೆ ಅಂತ. ಅವಳ ಇನ್‌ಲ್ಯಾಂಡನ್ನು ಹರಿದು ಬಚ್ಚಲೊಲೆಗೆ ಹಾಕಿದ್ದೂ ನಾನೇ. ಆಮೇಲೆ ಬಂದ ಕಾಗದಗಳಲ್ಲಿ "ಎಲ್ಲರೂ ಕ್ಷೇಮ, ಮಳೆ ಚೆನ್ನಾಗಿದೆ" ಬಿಟ್ಟು ಬೇರೇನೂ ಇರಲಿಲ್ಲ. ಅವಳು ಹೋಗೋವರೆಗೂ ಮಳೆ ಚೆನ್ನಾಗಿಯೇ ಇತ್ತು.

ಅದಕ್ಕೇ ನಿನ್ನ ಸಾಲು ಓದಿ ಗಾಬರಿಯಾದದ್ದು. ನಿಮ್ಮತ್ತೆಯನ್ನು, ಊರಿನವರನ್ನು ಬಯ್ಯೋಕೆ ಹೋದರೆ, ಆ ಸಾಲಿನಲ್ಲಿ ನನ್ನದೇ ಕೈಬರಹ ಕಾಣುತ್ತೆ.

ಬುದ್ಧಿ ಹೇಳೋ ಯೋಗ್ಯತೆ ನನಗಿಲ್ಲ. ಆದರೂ ತೋಚಿದ್ದು ಹೇಳ್ತೀನಿ, ಸರಿ ಅನ್ನಿಸಿದರೆ ತಗೋ. ನಿಮ್ಮ ಮನೆಯ ಆ ಕಲಾಯಿ ಹೋದ ಕೊಳದಪ್ಪಲೆಯನ್ನು ಕಥೆಯಲ್ಲಿ ತರದೆ ಇದ್ದಿದ್ದರೆ ಅರ್ಧ ಜನಕ್ಕೆ ಗುರುತೇ ಸಿಗುತ್ತಿರಲಿಲ್ಲ. ಗೃಹಪ್ರವೇಶಕ್ಕೆ ಬಂದವರೆಲ್ಲ ಅದನ್ನು ನೋಡಿದ್ದಾರೆ. ಮುಂದಿನ ಸಲ ಪಾತ್ರೆಪಗಡ ಬದಲಿಸಿ ನೋಡು. ಹಾಗಂತ ಬರೆದ ಮೇಲೆ ಅನ್ನಿಸ್ತಿದೆ, ಕೊಳದಪ್ಪಲೆ ತೆಗೆದರೆ ಆ ಕಥೆಯಲ್ಲಿ ಉಳಿಯೋದೇನು? ಬೇಡ ಬಿಡು. ಅಚ್ಚಾಗುವ ಮೊದಲು ಅಳಿಯಂದಿರಿಗೆ ಓದೋಕೆ ಕೊಡು, ಅಥವಾ ಕೊಡಬೇಡ. ನಾನು ಕೊಟ್ಟು ಕೆಟ್ಟೆ. ಅವರು ಬೇರೆ ಥರದವರು ಇರಬಹುದು. "ನಾನಾ?" ಅಂತ ಕೇಳಿದರೆ, ಹೌದು ಸ್ವಲ್ಪ ಅಂದುಬಿಡು. ಅದನ್ನು ನಾನು ಹೇಳಿ ನೋಡಲಿಲ್ಲ.

ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರಾ' ಬಂದಾಗ ಅವರಿಗೆ ನಲವತ್ತೈದು ದಾಟಿತ್ತು. ಆಮೇಲೆ 'ಫಣಿಯಮ್ಮ' ಬರೆದರು. ಅದು ಅವರ ಬಳಗದಲ್ಲೇ ಬಾಳಿ ಹೋದ ಹಿರಿಯ ವಿಧವೆಯ ಕಥೆ. ಮನೆಯದೇ ಅಂತ ಗೊತ್ತಿದ್ದೂ ಇವತ್ತು ಅದನ್ನು ಓದಿ ಯಾರೂ ಆ ಮನೆಯನ್ನು ಆಡಿಕೊಳ್ಳಲ್ಲ. ನಮ್ಮ ಲೈಬ್ರರಿಯಲ್ಲಿ ಆ ಪುಸ್ತಕಕ್ಕೆ ಮೂರು ಸಲ ಬೈಂಡ್ ಹಾಕಿಸಿದ್ದೆ. ನಿನಗೆ ಇನ್ನೂ ನಲವತ್ತಾಗಿಲ್ಲ. ಇದನ್ನು ಯಾಕೆ ಹೇಳಿದೆನೋ, ಹೇಳಬೇಕು ಅನ್ನಿಸಿತು.

ಅತ್ತೆಯ ಹತ್ತಿರ ನೀನಾಗೇ ಹೋಗಿ ಮಾತಾಡಿಸು. ಕಥೆಯ ಸುದ್ದಿ ಎತ್ತಬೇಡ, ಅವರಾಗೇ ಎತ್ತುತ್ತಾರೆ. ಊಟಕ್ಕೆ ಅವರ ಜೊತೆಗೇ ತಟ್ಟೆ ಹಾಕಿಕೊಂಡು ಕೂರು.

ಬೇರೆ ಹೆಸರು ಇಟ್ಟುಕೊಂಡರೂ ನನಗೆ ಬೇಜಾರಿಲ್ಲ. ಆದರೆ ಯಾವ ಹೆಸರು ಅಂತ ನನಗೊಬ್ಬಳಿಗೆ ಬರೆದು ತಿಳಿಸು. ಭಾನುವಾರ ಪುರವಣಿ ಬಂದಾಗ ನಾನು ಎಲ್ಲಿ ಅಂತ ಹುಡುಕಲಿ?

ಇತಿ,
ನಿನ್ನ ದೊಡ್ಡಮ್ಮ