ಬ್ರಷ್ ಹಿಡಿಗೆ ಅರಗು ಬೇಡ ಅಂದಿದ್ದು ಯಾಕೆ ಅಂದ್ರೆ

ಚನ್ನಪಟ್ಟಣ
ಸೋಮವಾರ ರಾತ್ರಿ

ಪುಟ್ಟೀ,

ಶುಕ್ರವಾರ ನೀನು ಊಟ ಬಿಟ್ಟು ಬಸ್ ಹತ್ತಿದೆ. ಆವತ್ತಿನ ಮಾತು ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. ಫೋನ್ ಮಾಡಿದರೆ ನನ್ನ ದನಿ ಮತ್ತೆ ಏರುತ್ತದೆ ಅಂತ ನಿಮ್ಮಮ್ಮ ಹಾಳೆ, ಪೆನ್ನು ತಂದಿಟ್ಟು ಹೋದಳು.

ಪಾರ್ಸಲ್‌ನಲ್ಲಿ, ನೀನು ಮಾರಬೇಕು ಅಂತಿರುವ ಶೇವಿಂಗ್ ಬ್ರಷ್ಷಿಗೆ ಮೂರು ಹಿಡಿ ಇವೆ. ಒಂದನೆಯದು ನೀನು ಕೇಳಿದ್ದೇ. ಆಲೆ ಮರ, ಕೆಂಪು-ಹಳದಿ ಅರಗು, ಕೇದಗೆ ಗರಿಯಲ್ಲಿ ಉಜ್ಜಿ ಹೊಳಪು ತಂದಿದ್ದೇನೆ. ಚೆನ್ನಾಗಿದೆ. ಮೂವತ್ತು ವರ್ಷ ಇದನ್ನೇ ಮಾಡಿದವನು ಹೇಳುತ್ತಿದ್ದೇನೆ, ತುಂಬಾ ಚೆನ್ನಾಗಿದೆ. ಅದನ್ನು ಮಾರಬೇಡ.

ಯಾಕೆ ಅಂತ ಅವತ್ತು ಹೇಳಲಿಲ್ಲ. ಹೇಳಿದ್ದರೆ ತಾತನ ವಿಷಯ ಹೇಳಬೇಕಿತ್ತು.

ನಿನಗಾಗ ಆರು ವರ್ಷ. ತಾತನ ಶೇವಿಂಗ್ ಬ್ರಷ್ಷಿನ ಪ್ಲಾಸ್ಟಿಕ್ ಹಿಡಿ ಸೀಳಿತ್ತು. ಮಗ ಕೆಲಸ ಕಲಿತಿದ್ದಾನೆ ಅಂತ ತೋರಿಸಬೇಕಲ್ಲ, ನಾನೇ ಹೊಸ ಹಿಡಿ ಕಡೆದು ಕೊಟ್ಟೆ. ಇದೇ ಕೆಂಪು, ಇದೇ ಹಳದಿ. ಕಡೆಯುವ ಮಿಷನ್‌ನಲ್ಲಿ ಮರ ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೇ ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ, ಅಲ್ವಾ? ಬಿಸಿಗೆ ಹತ್ತಿದ್ದು ಬಿಸಿಗೇ ಮೆತ್ತಗಾಗುತ್ತದೆ ಅನ್ನೋದು ನನ್ನ ತಲೆಗೆ ಹೋಗಲಿಲ್ಲ. ತಾತ ದಿನಾ ಹಂಡೆಯ ಸುಡುನೀರು ಮಗ್ಗಿಗೆ ಹಾಕಿಕೊಂಡು ಬ್ರಷ್ ನೆನೆಯಲು ಬಿಡುತ್ತಿದ್ದರು. ಸ್ವಲ್ಪ ದಿನಕ್ಕೇ ತಳ ಬೆಳ್ಳಗಾಯಿತು, ಹಾಲು ಚೆಲ್ಲಿ ಒಣಗಿದ ಹಾಗೆ. ಆಮೇಲೆ ಅಂಟಂಟು. ನಾನು ನೋಡಿದೆ. ಸುಮ್ಮನಿದ್ದೆ.

ನಿಮ್ಮ ಅತ್ತೆ ಮದುವೆ ದಿನ ತಾತನಿಗೆ ಯಾರೋ ಆಫ್ಟರ್‌ಶೇವ್ ತಂದುಕೊಟ್ಟಿದ್ದರು. ಕೈ ತುಂಬ ಸುರಿದುಕೊಂಡು, ಅದೇ ಕೈಯಲ್ಲಿ ಬ್ರಷ್ ಎತ್ತಿಟ್ಟರು. ಅದರಲ್ಲಿ ಸ್ಪಿರಿಟ್ ಇರುತ್ತದೆ. ಮರಕ್ಕೆ ಹೊಡೆಯುವ ಫ್ರೆಂಚ್ ಪಾಲಿಶ್‌ಗೆ ಬಡಗಿಗಳು ಅರಗಿನ ಚಕ್ಕೆ ಕರಗಿಸುವುದೂ ಸ್ಪಿರಿಟ್ಟಿನಲ್ಲೇ. ಧಾರೆ ಎರೆಯುವಾಗ ನೋಡಿದರೆ ತಾತನ ಅಂಗೈ ಕೆಂಪಗಿದೆ. "ಗೋರಂಟಿ ಮಗಳಿಗಾ, ಅಪ್ಪನಿಗಾ?" ಅಂತ ಯಾರೋ ನಕ್ಕರು. ನೀನು ಮಂಟಪಕ್ಕೆಲ್ಲ ಕೇಳೋ ಹಾಗೆ, "ನಮ್ಮಪ್ಪ ಮಾಡಿದ ಬ್ರಷ್ ಬಣ್ಣ ಬಿಡ್ತಿದೆ" ಅಂದೆ. ತಾತ ನಿನ್ನ ಬಾಯಿ ಮುಚ್ಚಿ, "ಗೋರಂಟಿನೇ ಕಣೇ" ಅಂದರು.

ಆಮೇಲೂ ಅದನ್ನೇ ಇಟ್ಟುಕೊಂಡರು. ಕೂದಲಿನ ಕುಚ್ಚಿನ ಸುತ್ತ ಮರ ಬಿರುಕು ಬಿಟ್ಟಾಗ ಗೋಣಿದಾರ ಸುತ್ತಿಕೊಂಡರು. ಸಾಯುವವರೆಗೂ ನನಗೆ ಒಂದು ಮಾತು ಹೇಳಲಿಲ್ಲ. ಬೇರೆ ಮಾಡಿಕೊಡಲಾ ಅಂತ ನಾನೂ ಕೇಳಲಿಲ್ಲ. ಒಂದು ಗಂಟೆಯ ಕೆಲಸ. ಬೆಳಿಗ್ಗೆ ಬಚ್ಚಲ ಕಟ್ಟೆಯ ಮೇಲೆ ಆ ದಾರ ಸುತ್ತಿದ ಬ್ರಷ್ ಕಂಡರೆ ಬೇರೆ ಕಡೆ ನೋಡುತ್ತಿದ್ದೆ.

ಇರಲಿ. ಎಲ್ಲೋ ಹೋದೆ.

ಎರಡನೆಯದೂ ಆಲೆ ಮರವೇ, ಎಣ್ಣೆ ಮಾತ್ರ ಉಣಿಸಿದ್ದು. ಆಲೆ ಮೆತ್ತನೆ ಮರ, ಉಳಿಗೆ ಬೆಣ್ಣೆ ಇದ್ದ ಹಾಗೆ. ಗೊಂಬೆಗೆ ಅದೇ ಸರಿ. ಗೊಂಬೆಯನ್ನು ಯಾರೂ ದಿನಾ ಬೆಳಿಗ್ಗೆ ಬಿಸಿನೀರಿಗೆ ಅದ್ದುವುದಿಲ್ಲವಲ್ಲ.

ಮೂರನೆಯದನ್ನು ಕೈಗೆ ತಗೋ. ಜಾಲಿ ಮರದ ಚೇಗು, ಅಂದರೆ ಒಳಗಿನ ಗಟ್ಟಿ ಭಾಗ, ಗಾಡಿ ಚಕ್ರಕ್ಕೆ ಹಾಕುತ್ತಿದ್ದರಲ್ಲ, ಅದೇ. ತೂಕ ನೋಡು. ಬುಡ ಭಾರ ಇದ್ದರೆ ಬ್ರಷ್ ನಿಂತಲ್ಲಿ ನಿಲ್ಲುತ್ತದೆ. ಸೊಂಟ ಸಣ್ಣ ಮಾಡಿದ್ದೇನೆ. ಕೈಗೆ ಸೋಪು ಹಚ್ಚಿ, ಕಣ್ಣು ಮುಚ್ಚಿ ಹಿಡಿದು ನೋಡಿ ಎರಡು ಸಲ ತಿದ್ದಿದೆ. ನಿನ್ನ ಕುಚ್ಚು 24 ಮಿ.ಮೀ., ಗುಳಿ 25 ಕೊರೆದಿದ್ದೇನೆ, ಅಂಟಿಗೂ ಜಾಗ ಬೇಕು. ಮರ ನೀರು ಕುಡಿಯುವುದು ಜಾಸ್ತಿ ಅಡ್ಡ ಕೊಯ್ದ ಮುಖದಿಂದ. ಹಿಡಿಯಲ್ಲಿ ಅಂಥ ಮುಖ ಎರಡು, ಗುಳಿಯ ಒಳಗೆ ಮತ್ತು ತಳದಲ್ಲಿ. ಎಲ್ಲರೂ ಪಕ್ಕಕ್ಕೆ ಪಾಲಿಶ್ ಹೊಡೆದು ಇವೆರಡನ್ನೂ ಮರೆಯುತ್ತಾರೆ. ನೀನು ಎರಡಕ್ಕೂ ಎಪಾಕ್ಸಿ ಅಂಟು ಬಳಿ. ಉಳಿದದ್ದಕ್ಕೆ ಅಗಸೆ ಎಣ್ಣೆ, ಒಂದೊಂದು ಸಲಕ್ಕೂ ಪೂರ್ತಿ ಒಣಗಿಸಿ, ಐದಾರು ಸಲ.

ನೋಡಲು ಮಂಕು, ಒಪ್ಪುತ್ತೇನೆ. ಚನ್ನಪಟ್ಟಣ ಅಂದರೆ ಜನ ಬಣ್ಣ ಕೇಳುತ್ತಾರೆ ಅನ್ನೋದೂ ನಿಜ. ಬಣ್ಣ ಬೇಕಿದ್ದರೆ ಬ್ರಷ್ ಕೊಡುವ ಡಬ್ಬಿಗೆ ಹಾಕೋಣ, ಕುಂಕುಮದ ಭರಣಿ ಥರ. ಡಬ್ಬಿ ನೀರು ಮುಟ್ಟುವುದಿಲ್ಲ. ಇನ್ನೂರು ಡಬ್ಬಿ ನಾನು ಮಾಡಿಕೊಡುತ್ತೇನೆ. ಅಡ್ವಾನ್ಸ್ ಕೊಟ್ಟವರಿಗೆ ಮೊದಲೇ ವಿಷಯ ಹೇಳು. ಒಪ್ಪದಿದ್ದರೆ ದುಡ್ಡು ವಾಪಸ್ ಕೊಡು. ಇನ್ನೊಬ್ಬರ ದುಡ್ಡಲ್ಲಿ ಪ್ರಯೋಗ ಮಾಡಬಾರದು. ಬಿಟ್ಟ ಕೆಲಸಕ್ಕೆ ಮತ್ತೆ ಹೋಗು ಅಂತಲೂ ನಾನು ಹೇಳುತ್ತಿಲ್ಲ, ಆದರೆ ಕೈಯಲ್ಲಿ ಆರು ತಿಂಗಳ ಬಾಡಿಗೆ ಇಲ್ಲದೆ ಯಾರಾದರೂ... ನೋಡು, ಮತ್ತೆ ಶುರು ಮಾಡಿದೆ.

"ಮರದ ವಿಷಯ ನಿನಗೇನು ಗೊತ್ತು" ಅಂದೆನಲ್ಲ, ಆ ಮಾತು ತಪ್ಪು. ಇನ್ನೊಂದು ಮಾತೂ ಅಂದೆ. ಅದೂ ತಪ್ಪೇ. ನೀನು ಕಳಿಸಿದ ಹಿಡಿಯ ಚಿತ್ರದಲ್ಲಿ ಅಳತೆ ಒಂದೂ ಹೆಚ್ಚುಕಮ್ಮಿ ಇರಲಿಲ್ಲ. ಅದನ್ನು ಪಕ್ಕದ ಮಿಷನ್ನವನಿಗೆ ತೋರಿಸಿದೆ. ನಿನಗೆ ಹೇಳಲಿಲ್ಲ.

ಮೂರನ್ನೂ ಒಂದು ತಿಂಗಳು ದಿನಾ ಬಿಸಿನೀರಿಗೆ ಅದ್ದಿ, ಒಣಗಿಸಿ ನೋಡು. ಒಂದನೆಯದನ್ನೂ ಅದ್ದು. ನಾನು ಹೇಳಿದೆ ಅಂತ ನಂಬಬೇಡ.

ನಿಮ್ಮಮ್ಮ ಚಕ್ಕುಲಿ ಇಟ್ಟಿದ್ದಾಳೆ. ಹಿಡಿಗಳ ಜೊತೆ ಬೇಡ, ಅಗಸೆ ಎಣ್ಣೆ ವಾಸನೆ ಹೊಡೆಯುತ್ತದೆ ಅಂದೆ. ಕೇಳಲಿಲ್ಲ.

ನಿನ್ನ
ಅಪ್ಪ