ಈ ಯುಗಾದಿಯಿಂದ ಅಂಗಿಗಳು ತಮ್ಮ ಅಳತೆಗೇ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನಮಸ್ಕಾರ. ನಮ್ಮ ನೇಕಾರರ ಸಹಕಾರ ಸಂಘದ ಮಾರಾಟ ಮಳಿಗೆಯಲ್ಲಿ ಗಂಡಸರ ಅಂಗಿಗಳು ಇದುವರೆಗೆ ಸ್ಮಾಲ್, ಮೀಡಿಯಂ, ಲಾರ್ಜ್, ಎಕ್ಸ್‌ಎಲ್ ಎಂಬ ಸಿದ್ಧ ಅಳತೆಗಳಲ್ಲಿ ದೊರೆಯುತ್ತಿದ್ದವು. ಬರುವ ಯುಗಾದಿಯಿಂದ ಈ ಪದ್ಧತಿಯನ್ನು ನಿಲ್ಲಿಸುತ್ತಿದ್ದೇವೆ. ಇನ್ನು ಮುಂದೆ ತಾವು ಬಟ್ಟೆಯನ್ನು ಆರಿಸಿ ಅಳತೆ ಕೊಟ್ಟ ಮೇಲೆಯೇ ಅಂಗಿಗೆ ಕತ್ತರಿ ಹಾಕಲಾಗುವುದು. ಹೊಲಿದ ಅಂಗಿ ಮೂರು ವಾರದೊಳಗೆ ತಮ್ಮ ಕೈಸೇರುವುದು. ಜುಬ್ಬಾ ಮತ್ತು ಖಣದ (ಕುಪ್ಪಸಕ್ಕೆ ಬಳಸುವ ಚಿತ್ತಾರದ ಬಟ್ಟೆಯ) ಜಾಕೆಟ್‌ಗಳಿಗೂ ಇದೇ ನಿಯಮ. ಧೋತರ, ಶಲ್ಯ, ಕರವಸ್ತ್ರ, ಟೈ ಮತ್ತು ಚೀಲಗಳು ಎಂದಿನಂತೆ ಮಳಿಗೆಯಲ್ಲಿ ಸಿದ್ಧವಾಗಿಯೇ ಇರುತ್ತವೆ.

ಕೂಡಲೇ ತೊಟ್ಟುಕೊಂಡು ಹೋಗಬಹುದಾಗಿದ್ದ ಅಂಗಿಗೆ ಮೂರು ವಾರ ಕಾಯಿರಿ ಎಂದು ಹೇಳುವಾಗ ಅದಕ್ಕೆ ಸರಿಯಾದ ಕಾರಣವನ್ನೂ ತಮ್ಮ ಮುಂದಿಡಬೇಕಾದದ್ದು ನಮ್ಮ ಕರ್ತವ್ಯ.

ಮೊದಲನೆಯದು ಬಟ್ಟೆಯ ಸ್ವಭಾವ. ಗಿರಣಿಗಳಲ್ಲಿ ಅಂಗಿಯ ಬಟ್ಟೆಯನ್ನು ಸಾಮಾನ್ಯವಾಗಿ ಯಂತ್ರದಲ್ಲಿಯೇ ಮೊದಲು ಕುಗ್ಗಿಸಿ ಮಾರುಕಟ್ಟೆಗೆ ಕಳುಹಿಸುತ್ತಾರೆ. ಕುಣಿಮಗ್ಗದಿಂದ, ಎಂದರೆ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕೈಮಗ್ಗದಿಂದ, ಇಳಿದ ಹತ್ತಿಯ ಬಟ್ಟೆಗೆ ಆ ಸಂಸ್ಕಾರ ಆಗಿರುವುದಿಲ್ಲವಾದ್ದರಿಂದ ಅದು ಮೊದಲ ಒಗೆತದಲ್ಲಿ ಶೇಕಡಾ 3ರಿಂದ 5ರವರೆಗೂ ಕುಗ್ಗಬಹುದು. 30 ಇಂಚು ಉದ್ದದ ಅಂಗಿಯಲ್ಲಿ ಇದು ಒಂದು ಇಂಚಿಗೂ ಮೀರಬಹುದು. ಕೊರಳಪಟ್ಟಿಯಲ್ಲಿ ಅರ್ಧ ಇಂಚು ಹೋದರೂ ಮೇಲಿನ ಗುಂಡಿ ಹಾಕಲಾಗುವುದಿಲ್ಲ. ಹೊಸ ಪದ್ಧತಿಯಲ್ಲಿ ತಮ್ಮ ಅಂಗಿಗೆ ಬೇಕಾದ ಬಟ್ಟೆಯನ್ನು ಅಳೆದು ತೆಗೆದು, ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಹಿಂಡದೆ ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಮೇಜಿನ ಮೇಲೆ ಹಾಸಿ ಗೆರೆ ಹಾಕುತ್ತೇವೆ. ಒಳಪಟ್ಟಿಯ ಕ್ಯಾನ್ವಾಸಿಗೂ ಇದೇ ಉಪಚಾರ. ಬಟ್ಟೆ ಕುಗ್ಗಿ ಕ್ಯಾನ್ವಾಸ್ ಕುಗ್ಗದಿದ್ದರೆ ಎರಡು ತಿಂಗಳಲ್ಲಿ ಕಾಲರಿನ ತುದಿ ಸುರುಳಿಕೊಳ್ಳುತ್ತದೆ. ಒಳ್ಳೆಯ ಅಂಗಿಯೊಂದು ಹಳತಾದಂತೆ ಕಾಣುವುದಕ್ಕೆ ಅಷ್ಟೇ ಸಾಕು.

ಎರಡನೆಯ ಕಾರಣ ಮಗ್ಗದ ಲೆಕ್ಕಕ್ಕೆ ಸಂಬಂಧಿಸಿದ್ದು. ಕೈಮಗ್ಗದಲ್ಲಿ ಒಂದು ಹಾಸು, ಎಂದರೆ ಮಗ್ಗಕ್ಕೆ ಒಮ್ಮೆ ಏರಿಸಿದ ಉದ್ದನೆಯ ಎಳೆಗಳು, ಮುಗಿಯಿತೆಂದರೆ ಆ ಬಣ್ಣದ ಬಟ್ಟೆ ಮುಗಿದಂತೆ. ಅದೇ ಬಣ್ಣವನ್ನು ಮತ್ತೆ ಅದ್ದಿ ತೆಗೆದರೂ, ವಿಶೇಷವಾಗಿ ದಾಳಿಂಬೆ ಸಿಪ್ಪೆ, ಅಳಲೆಕಾಯಿ, ಅಡಿಕೆಯ ಚೊಗರಿನಿಂದ ಬರುವ ಬಣ್ಣಗಳಲ್ಲಿ, ಮುಂದಿನ ಹಾಸು ಒಂದು ಛಾಯೆ ಆಚೀಚೆ ಆಗಿಯೇ ಬರುತ್ತದೆ. ಹೀಗಿರುವಾಗ ಒಂದು ಹಾಸಿನ ಬಟ್ಟೆಯನ್ನೆಲ್ಲ ನಾಲ್ಕು ಅಳತೆಗಳಿಗೆ ಹಂಚಿ ಹೊಲಿದಿಟ್ಟರೆ, ಎರಡು ಅಳತೆ ಬೇಗ ಖರ್ಚಾಗಿ ಉಳಿದೆರಡು ಕಪಾಟಿನಲ್ಲಿ ಕೂರುತ್ತವೆ. ಆ ಬಣ್ಣವನ್ನು ಮೆಚ್ಚಿದ ಗ್ರಾಹಕರಿಗೆ ಅಳತೆ ಸಿಗುವುದಿಲ್ಲ, ಅಳತೆ ಸಿಕ್ಕವರಿಗೆ ಬಣ್ಣ ಹಿಡಿಸುವುದಿಲ್ಲ. ಕತ್ತರಿಸದ ಬಟ್ಟೆ ಯಾರಿಗೆ ಬೇಕಾದರೂ ಆಗುತ್ತದೆ. ಅದಕ್ಕೆ ಹಾಕಿದ ಹಣ ಬೇಗ ತಿರುಗಿ ಬಂದಷ್ಟೂ ನೇಕಾರರಿಗೆ ಮುಂದಿನ ಹಾಸಿನ ನೂಲನ್ನು ತಡವಿಲ್ಲದೆ ಕೊಡಲು ಸಂಘಕ್ಕೆ ಸಾಧ್ಯವಾಗುತ್ತದೆ. ನಮ್ಮಂಥ ಸಣ್ಣ ಸಂಘಕ್ಕೆ ಇದು ಬಹಳ ದೊಡ್ಡ ವಿಷಯ.

ಮೂರನೆಯದು ಮೈಕಟ್ಟಿನದು. ಸಿದ್ಧ ಉಡುಪಿನ ಅಳತೆ ಪಟ್ಟಿಗಳಲ್ಲಿ ಹೆಚ್ಚಿನವು ಪಾಶ್ಚಾತ್ಯ ದೇಶಗಳ ಅಳತೆಗಳನ್ನು ಆಧರಿಸಿ ಬಂದವು. ಭಾರತೀಯರದೇ ಆದ ಪಟ್ಟಿಯನ್ನು ರೂಪಿಸಲೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು ಕೇಂದ್ರ ಜವಳಿ ಸಚಿವಾಲಯದ ನೆರವಿನಿಂದ ಬೆಂಗಳೂರು ಸೇರಿದಂತೆ ಆರು ನಗರಗಳಲ್ಲಿ, 15ರಿಂದ 65 ವರ್ಷದೊಳಗಿನ ಸುಮಾರು 25,000 ಜನರ ಮೈಯಳತೆ ತೆಗೆಯುವ ಯೋಜನೆಯನ್ನು ಕೈಗೊಂಡಿತು. ಆ ಕೆಲಸಕ್ಕೆ ನಮ್ಮ ಪೂರ್ಣ ಗೌರವವಿದೆ. ಆದರೆ ಕೈಮಗ್ಗದ ಅಂಗಿಯ ವಿಷಯದಲ್ಲಿ ಪಟ್ಟಿಗಿಂತ ಟೇಪೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಗಿರಣಿಯ ಬಟ್ಟೆಯಲ್ಲಿ ಬೆರೆಸಿರುವ ಲೈಕ್ರಾದಂತಹ ಎಳೆ ಸ್ವಲ್ಪ ಹಿಗ್ಗಿ ಅಳತೆಯ ಹೆಚ್ಚುಕಡಿಮೆಯನ್ನು ಮುಚ್ಚಿಬಿಡುತ್ತದೆ. ಶುದ್ಧ ಹತ್ತಿಯ ಬಟ್ಟೆ ಹಿಗ್ಗುವುದಿಲ್ಲ. ಭುಜದ ಹೊಲಿಗೆ ಭುಜದ ಮೂಳೆಯ ಮೇಲೆ ಸರಿಯಾಗಿ ಕುಳಿತರೆ, ಯಾವ ಅಲಂಕಾರವೂ ಇಲ್ಲದ ಕೋರಾ ಬಣ್ಣದ ಅಂಗಿಯೂ ಠೀವಿಯಿಂದ ಕಾಣುತ್ತದೆ. ಅದು ಅರ್ಧ ಇಂಚು ತೋಳಿನ ಮೇಲೆ ಜಾರಿದರೆ ಎಷ್ಟು ಬೆಲೆಯ ಬಟ್ಟೆಯಾದರೂ ಎರವಲು ತಂದದ್ದರಂತೆ ತೋರುತ್ತದೆ.

ಈಗ ಬೆಲೆಯ ವಿಷಯ. ಹಲವು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ ಒಟ್ಟಿಗೆ ಕತ್ತರಿಸುವುದಕ್ಕೂ ಒಂದೊಂದಾಗಿ ಕತ್ತರಿಸುವುದಕ್ಕೂ ಕೂಲಿಯಲ್ಲಿ ವ್ಯತ್ಯಾಸವಿರುವುದರಿಂದ ಪ್ರತಿ ಅಂಗಿಗೆ 150 ರೂಪಾಯಿ ಹೆಚ್ಚಿಸಿದ್ದೇವೆ. ತುಂಬುತೋಳಿನ ಅಂಗಿ 1,700 ರೂಪಾಯಿ ಇದ್ದದ್ದು 1,850 ಆಗಲಿದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ ಶೇಕಡಾ 5 ಮಾತ್ರ. ಅದಕ್ಕೂ ಹಿಂದೆ 1,000 ರೂಪಾಯಿ ಮೀರಿದ ಉಡುಪಿಗೆ ಶೇಕಡಾ 12 ಇತ್ತು. ಹೀಗಾಗಿ ಆಗ ತೆರಿಗೆ ಸೇರಿ 1,904 ರೂಪಾಯಿ ಬೀಳುತ್ತಿದ್ದ ಅಂಗಿಗೆ ಇನ್ನು 1,942 ರೂಪಾಯಿ 50 ಪೈಸೆ ಆಗುತ್ತದೆ. ಖಣದ ಜಾಕೆಟ್‌ನ ಬೆಲೆ 3,200 ರೂಪಾಯಿ. ಅದು ಆ ಮಿತಿಯನ್ನು ದಾಟುವುದರಿಂದ ಅದಕ್ಕೆ ಶೇಕಡಾ 18 ತೆರಿಗೆ ಪ್ರತ್ಯೇಕವಾಗಿ ಬೀಳುತ್ತದೆ. ಕೃತಕ ರೇಷ್ಮೆಯ ಖಣವನ್ನು ಬಳಸಿ, ಒಳಗಿನ ಅಸ್ತರನ್ನು ತೆಳುವಾಗಿಸಿ ಬೆಲೆಯನ್ನು 2,500ರ ಒಳಗೆ ತರಲು ಸಾಧ್ಯವಿತ್ತು. ಹಾಗೆ ಮಾಡಬಾರದೆಂದು ಆಡಳಿತ ಮಂಡಳಿ ನಿರ್ಧರಿಸಿದೆ.

ಆ ಜಾಕೆಟ್ ಬಗ್ಗೆ ಎರಡು ಮಾತು ಹೆಚ್ಚು ಹೇಳಲು ಅನುಮತಿಯಿರಲಿ. ಗುಳೇದಗುಡ್ಡದ ಖಣವೆಂದರೆ ನಮ್ಮ ಕಡೆ ಕುಪ್ಪಸದ ಬಟ್ಟೆ, ಉಡಿ ತುಂಬುವಾಗ ಕೊಡುವ ಬಟ್ಟೆ. ರೇಷ್ಮೆಯ ಹಾಸು, ಹತ್ತಿಯ ಹೊಕ್ಕು (ಅಡ್ಡ ಎಳೆ), ಹೆಚ್ಚುವರಿ ಹಾಸಿನ ಎಳೆಗಳಿಂದ ಉದ್ದಕ್ಕೂ ಸಾಲುಸಾಲಾಗಿ ಏಳುವ ಸಣ್ಣ ಚಿತ್ತಾರ. ಪನ್ನಾ, ಎಂದರೆ ಬಟ್ಟೆಯ ಅಗಲ, ಕಿರಿದು. ಗಂಡಸರ ತೋಳಿಲ್ಲದ ಜಾಕೆಟ್‌ಗೆ ಇದನ್ನು ಬಳಸುವಾಗ ಎಡ ಮತ್ತು ಬಲ ಮುಂಭಾಗದ ಚಿತ್ತಾರದ ಸಾಲುಗಳು ಗುಂಡಿಪಟ್ಟಿಯ ಹತ್ತಿರ ಒಂದಕ್ಕೊಂದು ಸರಿಯಾಗಿ ಕೂಡಬೇಕು, ಜೇಬಿನ ಪಟ್ಟಿಯಲ್ಲಿಯೂ ಸಾಲು ತಪ್ಪಬಾರದು. ಸಿದ್ಧ ಅಳತೆಗೆ ಕತ್ತರಿಸಿದ ಜಾಕೆಟನ್ನು ಆಮೇಲೆ ಪಕ್ಕದಲ್ಲಿ ಹಿಡಿಸಿದರೆ ಈ ಸಾಲು ಕೆಟ್ಟುಹೋಗುತ್ತದೆ; ಅಳತೆಗೇ ಕತ್ತರಿಸುವುದರಿಂದ ಅದು ಉಳಿಯುತ್ತದೆ. ಖಣದಲ್ಲಿ ಇಡೀ ಅಂಗಿ ಹೊಲಿದು ಕೊಡಿ ಎಂದು ಕೇಳುವವರಿದ್ದಾರೆ. ಕೇಳಿದರೆ ಹೊಲಿದು ಕೊಡುತ್ತೇವೆ. ಆದರೂ ಬಿಳಿ ಅಥವಾ ಬೂದು ಬಣ್ಣದ ಸಾದಾ ಅಂಗಿಯ ಮೇಲೆ ಖಣದ ಜಾಕೆಟ್ ತೊಟ್ಟರೆ ಆ ಬಟ್ಟೆಗೆ ಹೆಚ್ಚು ಮರ್ಯಾದೆ ಸಲ್ಲುತ್ತದೆ ಎಂಬುದು ನಮ್ಮ ಸಲಹೆ.

ಅಳತೆ ತಿಳಿಯದವರಿಗೆ ಉಡುಗೊರೆ ಕೊಡುವುದು ಹೇಗೆ ಎಂಬ ಪ್ರಶ್ನೆ ತಮ್ಮಲ್ಲಿ ಸಹಜವಾಗಿ ಏಳುತ್ತದೆ. ಮದುವೆಯ ಆಹೇರಿಯಲ್ಲಿ ಶರ್ಟ್ ಪೀಸ್, ಪ್ಯಾಂಟ್ ಪೀಸ್ ಕೊಡುವ ರೂಢಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಆದರೆ ಹೊಲಿಗೆಯ ಖರ್ಚು ಪಡೆದವರ ಮೇಲೆಯೇ ಬೀಳುವುದರಿಂದ ಎಷ್ಟೋ ಪೀಸುಗಳು ಡಬ್ಬಿಯಿಂದ ಹೊರಗೇ ಬಾರದೆ ಮುಂದಿನ ಮದುವೆಗೆ ಹೋಗಿಬಿಡುತ್ತವೆ. ಆದ್ದರಿಂದ 36 ಇಂಚು ಪನ್ನಾದ, ತುಂಬುತೋಳಿಗೆ ಸಾಕಾಗುವ 2.5 ಮೀಟರ್ ಬಟ್ಟೆಯ ಜೊತೆಗೆ ಒಂದು ಹೊಲಿಗೆ ಚೀಟಿಯನ್ನೂ ಇಟ್ಟು ಕೊಡುತ್ತೇವೆ. ಚೀಟಿ ಪಡೆದವರು ಆರು ತಿಂಗಳೊಳಗೆ ಬಟ್ಟೆಯನ್ನೂ ಅಳತೆಯನ್ನೂ ನಮಗೆ ತಲುಪಿಸಿದರೆ, ಮತ್ತೇನೂ ಹಣ ಕೇಳದೆ ಅಂಗಿ ಹೊಲಿದು ಅವರ ಮನೆಗೆ ಕಳುಹಿಸಿಕೊಡುತ್ತೇವೆ. ಹೊಸದಾಗಿ ಕೆಲಸಕ್ಕೆ ಸೇರಿದ ತಮ್ಮನಿಗೋ ಮಗನಿಗೋ ಕೊಡುವುದಾದರೆ 60 ಕೌಂಟಿನ (ಕೌಂಟ್ ಹೆಚ್ಚಿದಷ್ಟೂ ನೂಲು ನಯ) ನೂಲಿನ ಗಾಢ ನೀಲಿಯನ್ನು ಆರಿಸಿರಿ. ಕಚೇರಿಗೂ ನಡೆಯುತ್ತದೆ, ಹಬ್ಬಕ್ಕೂ ನಡೆಯುತ್ತದೆ.

ಅಳತೆಯ ಗೊಡವೆಯೇ ಬೇಡವೆನ್ನುವವರಿಗೆ ಈ ಸಲ ಹೊಸದಾಗಿ ತಂದಿರುವ ಶಲ್ಯವನ್ನು ನಾವು ಮೊದಲು ತೋರಿಸುತ್ತೇವೆ. ಇಳಕಲ್ ಸೀರೆಯ ಚಿಕ್ಕಿ ಪರಾಸ್ ಎಂಬ ದಡಿಯ ವಿನ್ಯಾಸವನ್ನು ಒಂದು ಇಂಚಿಗೆ ಇಳಿಸಿ ಕೋರಾ ಹತ್ತಿಯ ಅಂಚಿಗೆ ನೇಯ್ದದ್ದು ಇದು. ಧೋತರದ ಜೊತೆಗೆ ಹೆಗಲ ಮೇಲೆ ಹಾಕಬಹುದು, ಚಳಿಗಾಲದಲ್ಲಿ ಅಂಗಿಯ ಮೇಲೆ ಕೊರಳಿಗೂ ಸುತ್ತಿಕೊಳ್ಳಬಹುದು. ಧೋತರಗಳು ನಾಲ್ಕು ಮೊಳ ಮತ್ತು ಎಂಟು ಮೊಳದಲ್ಲಿ ಇವೆ. ಕಚ್ಚೆ ಹಾಕುವ ಹಿರಿಯರಿಗೆ ಎಂಟು ಮೊಳದ್ದನ್ನೇ ಒಯ್ಯಿರಿ. ಖಣದ ಟೈ ಮತ್ತು ಕೋಟಿನ ಜೇಬಿಗೆ ಇಡುವ ಚೌಕವನ್ನು ಒಟ್ಟಿಗೆ ಕೊಡಬಹುದು, ಆದರೆ ಎರಡನ್ನೂ ಒಂದೇ ದಿನ ಧರಿಸದಿದ್ದರೆ ಚೆನ್ನ.

ಅಳತೆ ಕೊಡಲು ಮಳಿಗೆಗೆ ಬರಲಾಗದವರು, ವಿಶೇಷವಾಗಿ ಹೊರರಾಜ್ಯ ಹಾಗೂ ಹೊರದೇಶದಲ್ಲಿರುವವರು, ಮೈಯನ್ನು ಅಳೆಯುವುದಕ್ಕಿಂತ ತಮಗೆ ಸರಿಯಾಗಿ ಹೊಂದುವ ಹಳೆಯ ಅಂಗಿಯೊಂದನ್ನು ಅಳೆದು ಕಳುಹಿಸುವುದು ಉತ್ತಮ. ಅದನ್ನು ಗುಂಡಿ ಹಾಕಿ ಸಮತಟ್ಟಾದ ಜಾಗದಲ್ಲಿ ಹಾಸಿ, ಒಂದು ಭುಜದ ಹೊಲಿಗೆಯಿಂದ ಇನ್ನೊಂದು ಭುಜದ ಹೊಲಿಗೆಗೆ, ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ, ಹಿಂಬದಿಯಲ್ಲಿ ಕಾಲರಿನ ಬುಡದಿಂದ ಕೆಳ ಅಂಚಿಗೆ, ಭುಜದ ಹೊಲಿಗೆಯಿಂದ ತೋಳಿನ ತುದಿಗೆ ಇಂಚಿನಲ್ಲಿ ಅಳೆಯಿರಿ. ಕಾಲರನ್ನು ಮಾತ್ರ ಬಿಡಿಸಿ, ಗುಂಡಿಯ ನಡುವಿನಿಂದ ಕಾಜದ ನಡುವಿನವರೆಗೆ ಅಳೆಯಬೇಕು. ಈ ಐದು ಅಂಕೆಗಳು ಸಾಕು. ಒಮ್ಮೆ ಕೊಟ್ಟ ಅಳತೆ ನಮ್ಮ ವಹಿಯಲ್ಲಿ ತಮ್ಮ ಹೆಸರಿನಲ್ಲಿಯೇ ಇರುತ್ತದೆ.

ಅಳತೆಗೆ ಹೊಲಿದ ಅಂಗಿಯನ್ನು ಹಿಂದಕ್ಕೆ ಪಡೆಯುವುದು ಸಾಧ್ಯವಾಗದು. ಅದರ ಬದಲಿಗೆ ಎರಡೂ ಪಕ್ಕದ ಹೊಲಿಗೆಯಲ್ಲಿ ಮುಕ್ಕಾಲು ಇಂಚು ಬಟ್ಟೆಯನ್ನು ಒಳಗೆ ಬಿಟ್ಟಿರುತ್ತೇವೆ. ಒಂದು ವರ್ಷದವರೆಗೆ ಅಂಗಿಯನ್ನು ಬಿಡಿಸುವುದಾಗಲಿ ಹಿಡಿಸುವುದಾಗಲಿ ಉಚಿತ. ಬಟ್ಟೆಯಲ್ಲಿ ಅಥವಾ ಹೊಲಿಗೆಯಲ್ಲಿ ದೋಷವಿದ್ದರೆ ಬೇರೆ ಅಂಗಿಯನ್ನು ಹೊಲಿದು ಕೊಡುತ್ತೇವೆ.

ಈಗ ಕಪಾಟಿನಲ್ಲಿ ಉಳಿದಿರುವ ಸಿದ್ಧ ಅಂಗಿಗಳು ಹಳೆಯ ಬೆಲೆಗೇ ಯುಗಾದಿಯ ಮುನ್ನಾದಿನದವರೆಗೆ ದೊರೆಯುತ್ತವೆ. ಈಗಾಗಲೇ ಮುಂಗಡ ಕೊಟ್ಟವರಿಗೂ ಹಳೆಯ ಬೆಲೆಯೇ ಅನ್ವಯಿಸುತ್ತದೆ. ಅವರು ಬಯಸಿದರೆ ಹೆಚ್ಚುವರಿ ಹಣವಿಲ್ಲದೆ ಅಳತೆಗೆ ಹೊಲಿಸಿಕೊಳ್ಳಬಹುದು. ಅಕ್ಷಯ ತೃತೀಯದ ಆಸುಪಾಸಿನಲ್ಲಿ ಮದುವೆಗಳು ಹೆಚ್ಚಾಗಿರುವುದರಿಂದ, ಮನೆಮಂದಿಗೆಲ್ಲ ಒಂದೇ ಹಾಸಿನ ಬಟ್ಟೆಯಲ್ಲಿ ಅಂಗಿ ಅಥವಾ ಜುಬ್ಬಾ ಬೇಕಾದವರು ಕನಿಷ್ಠ ಆರು ವಾರ ಮೊದಲೇ ತಿಳಿಸಬೇಕೆಂದು ಕೋರುತ್ತೇವೆ. ಬಟ್ಟೆಯ ತುಣುಕುಗಳನ್ನು ಅಂಟಿಸಿದ ಮಾದರಿ ಪುಸ್ತಕ ಮಳಿಗೆಯಲ್ಲಿದೆ. ದೂರದವರು ಕೇಳಿದರೆ ಐದು ತುಣುಕುಗಳವರೆಗೆ ಅಂಚೆಯಲ್ಲಿ ಕಳುಹಿಸಿಕೊಡುತ್ತೇವೆ.

ಆಡಳಿತ ಮಂಡಳಿ ಹಾಗೂ ಸಂಘದ ಎಲ್ಲ ನೇಕಾರರ ಪರವಾಗಿ,

ತಮ್ಮ ವಿಶ್ವಾಸಿ,
ಕಾರ್ಯದರ್ಶಿ